ಸಾಲಿನಲ್ಲಿ ನಿಂತ ನೀರುಕಾಗೆ

ಮಕ್ಕಳೇ, ನನ್ನ ಹಳೆಯ ದಿನಚರಿಯಲ್ಲಿ 1968ನೇ ಇಸವಿ ಜುಲೈ 9, ಮಂಗಳವಾರದ ಪುಟದಲ್ಲಿ ಹೀಗೆ ಬರೆದಿದೆ: "ಇವತ್ತು ಇತಿಹಾಸದ ತರಗತಿಯಲ್ಲಿ ಹ್ಯಾರಿಯೆಟ್ ಟಬ್‌ಮನ್ ಎಂಬ ಹೆಣ್ಣುಮಗಳ ವಿಷಯ ಕೇಳಿದೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಹೋದಳು. ಆಮೇಲೆ ತನ್ನವರನ್ನು ಕರೆದೊಯ್ಯಲು ಹಿಂತಿರುಗಿ ಬಂದಳು. ಮತ್ತೆ ಮತ್ತೆ ಬಂದಳು. ಮನೆಗೆ ಬಂದ ಮೇಲೂ ಊಟ ಸೇರಲಿಲ್ಲ."

ಆ ತಾಯಿಯ ಚರಿತ್ರೆಯನ್ನು ನೀವು ಸ್ವಲ್ಪ ದೊಡ್ಡವರಾದ ಮೇಲೆ ಪುಸ್ತಕದಲ್ಲಿ ಓದಬೇಕು. ನನ್ನ ಮಕ್ಕಳು ನಿಮ್ಮಷ್ಟಿದ್ದಾಗ ಅವಳ ಮಾತು ಬಂತು. "ತಪ್ಪಿಸಿಕೊಂಡ ಮೇಲೆ ಮತ್ತೆ ಯಾಕಮ್ಮ ವಾಪಸು ಬಂದಳು?" ಎಂದು ಕೇಳಿದರು. ಅದಕ್ಕೆ ಉತ್ತರವಾಗಿ ನಾನು ಕಟ್ಟಿ ಹೇಳಿದ ಕತೆ ಇದು.

ಒಂದು ಕಾಡಿನ ನಡುವೆ ಜೊಂಡುಕೆರೆ ಎಂಬ ಕೆರೆ ಇತ್ತು. ದಡದ ತುಂಬ ಆಳೆತ್ತರದ ಜೊಂಡುಹುಲ್ಲು. ಕೆರೆಯ ನಡುಗಡ್ಡೆಯ ಮೇಲೆ ನೀರಿನ ಕಡೆಗೆ ವಾಲಿದ ಒಂದು ದೊಡ್ಡ ಮರ. ಆ ಮರದ ತುಂಬ ನೀರುಕಾಗೆಗಳ ಗೂಡುಗಳು.

ನೀರುಕಾಗೆ ಗೊತ್ತಲ್ಲ? ಮೈಯೆಲ್ಲ ಕಪ್ಪು, ಉದ್ದ ಕೊರಳು. ನೀರಿನಲ್ಲಿ ಮುಳುಗಿ ಮೀನು ಹಿಡಿಯುವುದರಲ್ಲಿ ಅದನ್ನು ಮೀರಿಸುವವರಿಲ್ಲ. ಆದರೆ ಜೊಂಡುಕೆರೆಯ ನೀರುಕಾಗೆಗಳು ಹಿಡಿದ ಮೀನು ಅವುಗಳ ಹೊಟ್ಟೆಗೆ ಹೋಗುತ್ತಿರಲಿಲ್ಲ. ದಡದ ಮರಳಿನ ಮೇಲೆ ಮಲಗಿರುತ್ತಿದ್ದ ನೀರುನಾಯಿಗಳ ಹೊಟ್ಟೆಗೆ ಹೋಗುತ್ತಿತ್ತು.

ನೀರುನಾಯಿಗಳಿಗೆ ಮೀನು ಹಿಡಿಯಲು ಬಾರದೆ? ಬರುತ್ತಿತ್ತು, ಅವುಗಳ ಮುತ್ತಜ್ಜಂದಿರಿಗೆ. ಅವರಲ್ಲಿ ಯಾರೋ ಒಬ್ಬ ಸೋಮಾರಿ ಒಂದು ಉಪಾಯ ಹುಡುಕಿದ. ಜೊಂಡನ್ನು ಸೀಳಿ, ಹೆಣೆದು, ಒಂದು ಬಳೆ ಮಾಡಿ, ಎಳೆಯ ನೀರುಕಾಗೆಯ ಕೊರಳಿಗೆ ಹಾಕಿದ. ಆ ಬಳೆ ಇದ್ದರೆ ಬೆರಳುದ್ದದ ಸಸಲು ಮೀನಷ್ಟೇ ಗಂಟಲಿನಲ್ಲಿ ಇಳಿಯುತ್ತದೆ. ಗೆಂಡೆಯಂಥ ದೊಡ್ಡ ಮೀನು ನಡುವೆಯೇ ನಿಂತುಬಿಡುತ್ತದೆ. ಹಕ್ಕಿ ಅದನ್ನು ದಡಕ್ಕೆ ತಂದು ಕಕ್ಕಲೇಬೇಕು.

ನೀರುನಾಯಿಗಳು ಅದನ್ನು ಬಳೆ ಎನ್ನುತ್ತಿರಲಿಲ್ಲ. "ಒಡವೆ" ಎನ್ನುತ್ತಿದ್ದವು. ಮರಿಗೆ ರೆಕ್ಕೆ ಬಲಿತ ಕೂಡಲೇ ಒಡವೆ ತೊಡಿಸುವ ಶಾಸ್ತ್ರ. ಅವತ್ತು ಎಲ್ಲರಿಗೂ ಒಂದೊಂದು ಸಸಲು ಹೆಚ್ಚು. ನೀರುನಾಯಿಗಳ ಯಜಮಾನ ಮೀಸೆಯಪ್ಪ ಮರಳಿನ ಮೇಲೆ ಅಂಗಾತ ಮಲಗಿಕೊಂಡೇ ಭಾಷಣ ಮಾಡುತ್ತಿದ್ದ.

"ಬೇರೆ ಯಾವ ಕೆರೆಯ ಹಕ್ಕಿಗಾದರೂ ಒಡವೆ ಉಂಟಾ? ಬೋಳು ಕೊರಳಲ್ಲಿ ತಿರುಗ್ತಾವೆ. ನಿಮ್ಮ ಪುಣ್ಯ ನೋಡಿ."

"ಹೌದು ಧಣಿ," ಎನ್ನುತ್ತಿದ್ದವು ನೀರುಕಾಗೆಗಳು.

ಹಾಗಾದರೆ ಅವು ಹಾರಿಹೋಗಬಾರದಿತ್ತೆ? ರೆಕ್ಕೆಗಳಿರಲಿಲ್ಲವೆ? ಇದ್ದವು. ಆದರೆ ಜೊಂಡುಕೆರೆಯಲ್ಲಿ ಒಂದು ಕಟ್ಟಳೆ ಇತ್ತು.

ದಡದ ಪಕ್ಕ ನೀರಿನಲ್ಲಿ ಒಂದು ಉದ್ದನೆಯ ಮರದ ಕೊರಡು ಬಿದ್ದಿತ್ತು. ಸಂಜೆ ನೀರುಕಾಗೆಗಳೆಲ್ಲ ಅದರ ಹಿಂದೆ ನೀರಿನಲ್ಲಿ ನಿಂತು, ಕೊರಳನ್ನು ಕೊರಡಿನ ಮೇಲೆ ಚಾಚಬೇಕು. ಚಪ್ಪಟಯ್ಯ ಎಂಬ ದಪ್ಪ ನೀರುನಾಯಿ ಕೊರಡಿನ ಮೇಲೆ ನಡೆದುಬರುತ್ತಿದ್ದ. ಪ್ರತಿ ಕೊರಳಿನ ಒಡವೆಗೂ ಬೆರಳು ಸಿಕ್ಕಿಸಿ ಒಮ್ಮೆ ಜಗ್ಗುತ್ತಿದ್ದ. ಹಕ್ಕಿ "ಇದ್ದೇನೆ ಧಣಿ" ಎನ್ನಬೇಕು. ಅವನು ಮುಂದಕ್ಕೆ ಹೋಗುತ್ತಿದ್ದ. ಈ ತುದಿಯಿಂದ ಆ ತುದಿಯವರೆಗೆ ಎಲ್ಲಿಯೂ ಸಂದು ಇರಬಾರದು. ಆಮೇಲೆ ಎಲ್ಲರನ್ನೂ ಜೊಂಡಿನ ದೊಡ್ಡಿಗೆ ಕೂಡಿ ಬಾಗಿಲು ಹಾಕುತ್ತಿದ್ದರು. ಮರಿ ಇರುವ ತಾಯಂದಿರಷ್ಟೇ ಮರಕ್ಕೆ ಹೋಗಬಹುದು.

ಒಂದು ಕೊರಳು ಕಡಿಮೆಯಾಯಿತೋ, ನೀರುನಾಯಿಗಳು ವಾಲಿದ ಮರವನ್ನು ಹತ್ತಿ ಒಂದು ಗೂಡನ್ನು ಖಾಲಿ ಮಾಡುತ್ತಿದ್ದವು. ಯಾವ ಗೂಡು ಎಂದು ನೋಡುತ್ತಿರಲಿಲ್ಲ. ಕೈಗೆ ಸಿಕ್ಕಿದ್ದು. ಹೋದ ವರ್ಷ ಯಾರೋ ಒಬ್ಬ ಬಳ್ಳಿಗೆ ಸಿಕ್ಕಿ ಸಾಲಿಗೆ ತಡವಾಗಿ ಬಂದದ್ದಕ್ಕೆ ಪುಟ್ಟತಾಯಿ ಎಂಬ ನೀರುಕಾಗೆಯ ಮರಿಗಳೆಲ್ಲ ಹೋಗಿದ್ದವು.

ಅದಕ್ಕೇ ಯಾರೂ ಹಾರಿಹೋಗುತ್ತಿರಲಿಲ್ಲ.

ಆ ಕೆರೆಯಲ್ಲಿ ನೀಲಿ ಎಂಬ ಎಳೆಯ ನೀರುಕಾಗೆ ಇದ್ದಳು. ಅವಳಿಗೆ ಗೂಡಿಲ್ಲ, ಮರಿಯಿಲ್ಲ. ಮುಳುಗಿದರೆ ಎಷ್ಟೋ ಹೊತ್ತು ಏಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಒಂದು ಗೆಂಡೆಯ ಬೆನ್ನು ಹತ್ತಿ, ಕೆರೆಗೆ ಬಂದು ಸೇರುವ ತೊರೆಯೊಳಗೆ ದೂರ ಹೋದಳು. ಅಲ್ಲಿ ಒಂದು ಬೇರಿಗೆ ಅವಳ ಒಡವೆ ಸಿಕ್ಕಿಕೊಂಡಿತು. ಎಷ್ಟು ಜಗ್ಗಿದರೂ ಬಿಡಲಿಲ್ಲ. ಉಸಿರು ಮುಗಿಯುತ್ತ ಬಂತು.

ಆ ಬೇರಿನ ಬುಡದಲ್ಲಿ ಒಂದು ಮುದಿ ಏಡಿ ಇತ್ತು. ಆ ತೊರೆಯವರೆಲ್ಲ ಅವಳನ್ನು ಏಡಿಯತ್ತೆ ಎನ್ನುತ್ತಿದ್ದರು.

"ನನ್ನ ಮನೆ ಬಾಗಿಲಲ್ಲಿ ಇದೇನು ಕುಣಿತ?" ಎನ್ನುತ್ತ ಹೊರಗೆ ಬಂದಳು. ನೋಡಿದಳು. ಕೊಂಡಿ ಹಾಕಿ ಒಡವೆಯನ್ನು ಕಟ್ಟನೆ ಕತ್ತರಿಸಿದಳು.

ನೀಲಿ ಮೇಲೆದ್ದು ಉಸಿರು ಎಳೆದುಕೊಂಡಳು. ಕೊಕ್ಕಿನಲ್ಲಿ ಗೆಂಡೆ ಇನ್ನೂ ಇತ್ತು. ಅಭ್ಯಾಸಬಲದಿಂದ ಗಂಟಲಿಗೆ ಹಾಕಿಕೊಂಡಳು. ಅದು ನಿಲ್ಲಲಿಲ್ಲ. ಇಳಿಯಿತು. ಇಳಿಯುತ್ತಲೇ ಹೋಯಿತು. ಹುಟ್ಟಿದಾಗಿನಿಂದ ಮೊದಲ ಸಲ ಅವಳ ಹೊಟ್ಟೆ ತುಂಬಿತು.

ನೀಲಿ ಕೊರಳನ್ನು ಮತ್ತೆ ಮತ್ತೆ ಚಾಚಿ, ಮಡಿಸಿ ನೋಡಿಕೊಂಡಳು.

"ಏನೇ, ಹೊಟ್ಟೆ ನೋವಾ?" ಎಂದಳು ಏಡಿಯತ್ತೆ.

"ಇಲ್ಲ ಅತ್ತೆ. ನಮ್ಮ ಗಂಟಲು ಹುಟ್ಟಾ ಸಣ್ಣದು ಅಂತ ತಿಳಿದಿದ್ದೆ."

"ನಿನ್ನ ಗಂಟಲಿಗೆ ಏನಾಗಿದೆ? ಬಾವಿ ಇದ್ದ ಹಾಗಿದೆ. ಗುಡ್ಡದ ಆಚೆ ಬೆಳ್ಳಿಮಡುವಿದೆ, ಹೋಗಿ ನೋಡು. ನಿನ್ನ ಕುಲದವರೇ ಇದ್ದಾರೆ, ಬಂಡೆ ಮೇಲೆ ರೆಕ್ಕೆ ಒಣಗಿಸಿಕೊಂಡು. ಅವರ ಜಂಬ ಕೇಳಬೇಡ."

ನೀಲಿ ಗುಡ್ಡ ದಾಟಿ ಹಾರಿದಳು. ಕೆಳಗೆ ತಿಳಿನೀರಿನ ಮಡು. ಬಂಡೆಗಳ ಮೇಲೆ ನೀರುಕಾಗೆಗಳು, ಬೋಳು ಕೊರಳಿನವು. ಹಿಡಿದ ಮೀನನ್ನು ಅವೇ ನುಂಗುತ್ತಿದ್ದವು. ಮರಿಗಳು ಅಮ್ಮಂದಿರ ಗಂಟಲಿನೊಳಗೆ ಕೊಕ್ಕು ಹಾಕಿ ಮೀನು ಕೀಳುತ್ತಿದ್ದವು. ಯಾರೂ ಯಾರನ್ನೂ ಧಣಿ ಎನ್ನುತ್ತಿರಲಿಲ್ಲ.

ತಲೆ ನರೆತ ಒಬ್ಬ ಮುದುಕ ಹಕ್ಕಿ ಅವಳಿಗೆ ಜಾಗ ಬಿಟ್ಟ. ಅವನ ಹೆಸರು ಬೋರಜ್ಜ. ನೀಲಿ ತನ್ನ ಕೆರೆಯ ಕತೆಯನ್ನೆಲ್ಲ ಹೇಳಿದಳು.

"ಬಂದೆಯಲ್ಲ, ಇನ್ನು ಇಲ್ಲೇ ಇರು ಮಗಳೇ," ಎಂದ ಬೋರಜ್ಜ. "ಬಂಡೆಗೇನು ಬರವೇ."

ನೀಲಿ ಬಿಸಿಲನ್ನು ನೋಡಿದಳು. ಅದು ಇಳಿಯುತ್ತಿತ್ತು.

"ಸಂಜೆ ಸಾಲಿದೆ ಅಜ್ಜ. ನಾನು ಹೋಗದಿದ್ದರೆ ಒಂದು ಗೂಡು ಹೋಗುತ್ತೆ."

"ನಿನ್ನ ಗೂಡಾ?"

"ನನಗೆ ಗೂಡಿಲ್ಲ."

"ಮತ್ತೆ ಯಾರದು?"

"ಯಾರದ್ದೋ ಗೊತ್ತಿಲ್ಲ. ಅದಕ್ಕೇ ಹೋಗಬೇಕು."

ಬಂಡೆಯ ಮೇಲಿನ ಎಳೆಯರು ನಕ್ಕರು. "ಬೋಳು ಕೊರಳಲ್ಲಿ ಹೋಗ್ತೀಯಾ? ನಿನ್ನ ಧಣಿ ಸುಮ್ಮನಿರ್ತಾನಾ?" ಎಂದ ಒಬ್ಬ.

ನೀಲಿ ತೊರೆಗೆ ಹಾರಿಬಂದು, ನೀರಿನಲ್ಲಿ ಬಿದ್ದಿದ್ದ ಒಡವೆಯನ್ನು ಹುಡುಕಿದಳು. "ಅತ್ತೆ, ಇದನ್ನು ಮತ್ತೆ ನನ್ನ ಕೊರಳಿಗೆ ಕಟ್ಟು," ಎಂದಳು.

ಏಡಿಯತ್ತೆ ಅವಳನ್ನೇ ನೋಡಿದಳು. "ಇಷ್ಟು ವರ್ಷ ಕತ್ತರಿಸಿದ್ದೇನೆ. ಕಟ್ಟಲು ಯಾರೂ ಕೇಳಿರಲಿಲ್ಲ," ಎಂದು ಗೊಣಗಿ, ತುಂಡಾದ ತುದಿಗಳನ್ನು ಸೇರಿಸಿ ಗಂಟು ಹಾಕಿದಳು. "ನೋಡು, ಇದು ಹೆಣೆದ ಬಳೆ ಅಲ್ಲ ಈಗ. ಜಾರುಗಂಟು. ಯಾರಾದರೂ ಜಗ್ಗಿದರೆ ಬಿಗಿಯುತ್ತೆ. ಒಂದು ಸಲಕ್ಕೆ ಏನೂ ಆಗಲ್ಲ. ನಾಳೆ ಬಾ, ಸಡಿಲಿಸಿಕೊಡ್ತೇನೆ."

ಸಂಜೆ ನೀಲಿ ಸಾಲಿನಲ್ಲಿ ಕೊರಳು ಚಾಚಿದಳು. ಚಪ್ಪಟಯ್ಯ ಬಂದ. ಅರ್ಧ ಕಣ್ಣು ಮುಚ್ಚಿಕೊಂಡೇ ಬೆರಳು ಸಿಕ್ಕಿಸಿದ, ಜಗ್ಗಿದ. "ಇದ್ದೇನೆ ಧಣಿ," ಎಂದಳು. ಅವನು ಮುಂದಕ್ಕೆ ಹೋದ. ಅವಳ ಮುಖವನ್ನು ನೋಡಲೇ ಇಲ್ಲ.

ಆಗ ನೀಲಿಗೆ ಒಂದು ವಿಷಯ ಹೊಳೆಯಿತು. ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಂದೂ ನೋಡಿರಲಿಲ್ಲ. ಅವನಿಗೆ ಬೇಕಾದದ್ದು ಒಡವೆ ಇರುವ ಒಂದು ಕೊರಳು. ಯಾರ ಕೊರಳಾದರೂ ಆದೀತು.

ಮರುದಿನ ನೀರುನಾಯಿಗಳು ಉಂಡು ಗೊರಕೆ ಹೊಡೆಯುವ ಹೊತ್ತಿಗೆ ನೀಲಿ ಮತ್ತೆ ಬೆಳ್ಳಿಮಡುವಿನಲ್ಲಿದ್ದಳು.

"ನಮ್ಮ ಮರದಲ್ಲಿ ಒಂದು ಗೂಡಿನ ಮರಿ ಹಾರುವಷ್ಟರಲ್ಲಿ ಇನ್ನೊಂದರಲ್ಲಿ ಮೊಟ್ಟೆ ಇರುತ್ತೆ. ಎಲ್ಲರೂ ಒಟ್ಟಿಗೆ ಹೊರಡುವ ದಿನ ಬರುವುದೇ ಇಲ್ಲ," ಎಂದಳು. "ಆದರೆ ಮರಿಗೆ ರೆಕ್ಕೆ ಬಂದ ಸಂಸಾರವನ್ನು ನಾನು ಇಲ್ಲಿಗೆ ಕರೆತಂದರೆ ಅವರು ಅಲ್ಲಿ ಮತ್ತೆ ಮೊಟ್ಟೆ ಇಡಲ್ಲ. ಒಂದೊಂದೇ ಗೂಡು ಖಾಲಿಯಾಗುತ್ತ ಬರುತ್ತೆ. ಅಲ್ಲಿವರೆಗೆ ಸಾಲಿನಲ್ಲಿ ಅವರ ಜಾಗದಲ್ಲಿ ನಿಲ್ಲಲು ಕೊರಳುಗಳು ಬೇಕು."

"ಯಾರ ಕೊರಳು?" ಎಂದರು ಬಂಡೆಯ ಮೇಲಿನವರು.

"ನಿಮ್ಮದು."

ಸ್ವತಂತ್ರವಾಗಿ ಹುಟ್ಟಿದ ಹಕ್ಕಿ ತಾನಾಗಿ ಹೋಗಿ ಕೊರಳಿಗೆ ಬಳೆ ಹಾಕಿಸಿಕೊಳ್ಳಬೇಕಂತೆ. ನಿನ್ನೆ ನಕ್ಕವರು ರೆಕ್ಕೆ ತಿದ್ದಿಕೊಳ್ಳುವ ನೆಪ ಮಾಡಿದರು.

ಬೋರಜ್ಜ ಕೆಮ್ಮಿದ. "ನನ್ನ ಕೊರಳು ಹೇಗೂ ಖಾಲಿ ಇದೆ. ಒಡವೆ ಹಾಕಿಕೊಂಡು ನೋಡೇಬಿಡೋಣ. ಮದುವೆಯಲ್ಲೂ ಯಾರೂ ಹಾಕಿರಲಿಲ್ಲ."

ಅವತ್ತು ನೀಲಿ ಒಂದು ಎಳೆಯ ಹಕ್ಕಿಯನ್ನು ತೊರೆಯ ದಾರಿಯಲ್ಲಿ ಕರೆತಂದಳು. ಏಡಿಯತ್ತೆ ಅದರ ಒಡವೆ ಕತ್ತರಿಸಿ, ಬೋರಜ್ಜನ ಕೊರಳಿಗೆ ಗಂಟು ಹಾಕಿದಳು. ಸಂಜೆ ತಲೆ ನರೆತ ಮುದುಕ ಹೋಗಿ ಎಳೆಯ ಹಕ್ಕಿಯ ಜಾಗದಲ್ಲಿ ನಿಂತ. ಚಪ್ಪಟಯ್ಯ ಜಗ್ಗಿದ.

"ಇದ್ದೇನೆ ಧಣಿ," ಎಂದ ಬೋರಜ್ಜ, ಒಡಕು ಧ್ವನಿಯಲ್ಲಿ.

"ಧ್ವನಿ ಒಡೆಯುವ ವಯಸ್ಸು," ಎಂದು ಚಪ್ಪಟಯ್ಯ ಮುಂದಕ್ಕೆ ಹೋದ.

ಮಾರನೆಯ ಮಧ್ಯಾಹ್ನ ಬೋರಜ್ಜ ತೊರೆಗೆ ಬಂದ. ಏಡಿಯತ್ತೆ ಗಂಟು ಸಡಿಲಿಸುತ್ತಿದ್ದಾಗ, "ಒಂದೇ ಜಗ್ಗಿಗೆ ಇಷ್ಟು ಬಿಗಿಯಿತಲ್ಲೇ. ರಾತ್ರಿಯೆಲ್ಲ ಎಂಜಲು ನುಂಗಲಾಗಲಿಲ್ಲ," ಎಂದ. ಆಮೇಲೆ ಬೆಳ್ಳಿಮಡುವಿಗೆ ಹೋಗಿ ಬಂಡೆಯ ಮೇಲೆ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಸತ್ತಿಲ್ಲ ನೋಡ್ರಪ್ಪ," ಎಂದಷ್ಟೇ ಹೇಳಿ ಸಂಜೆಯ ಸಾಲಿಗೆ ಹಿಂತಿರುಗಿದ.

ಅವನ ಹಿಂದೆ ಮತ್ತೊಬ್ಬಳು ಹಾರಿಬಂದಳು. ಆಮೇಲೆ ಮತ್ತೊಬ್ಬ. ನಕ್ಕಿದ್ದ ಎಳೆಯನೂ ಬಂದ. ಹೀಗೆ ಸರದಿ ಶುರುವಾಯಿತು. ಜೊಂಡುಕೆರೆಯಿಂದ ಒಂದೊಂದು ಸಂಸಾರ ಗುಡ್ಡ ದಾಟಿ ಬರುತ್ತಿತ್ತು. ಬೆಳ್ಳಿಮಡುವಿನಿಂದ ಅಷ್ಟೇ ಹಕ್ಕಿಗಳು ಗುಡ್ಡ ದಾಟಿ ಹೋಗಿ ಕೊರಳು ಚಾಚುತ್ತಿದ್ದವು. ಕರೆತರುವುದೂ ಕರೆದೊಯ್ಯುವುದೂ ನೀಲಿಯದೇ ಕೆಲಸ. ಮಧ್ಯಾಹ್ನ ಗುಡ್ಡದ ಆಚೆ ಹೊಟ್ಟೆ ತುಂಬ ತಿಂದು, ಸಂಜೆ ತಾನೂ ಬಂದು ಸಾಲಿನಲ್ಲಿ ನಿಲ್ಲುತ್ತಿದ್ದಳು. ಬೆಳ್ಳಿಮಡುವಿನವರು ಅವಳನ್ನು ಈಗ ನೀಲಿ ಎನ್ನುತ್ತಿರಲಿಲ್ಲ, ನೀಲವ್ವ ಎನ್ನುತ್ತಿದ್ದರು. ಅವಳಿಗಿಂತ ದೊಡ್ಡವರೂ ಹಾಗೇ ಕರೆಯುತ್ತಿದ್ದರು.

ಒಬ್ಬಳು ಮಾತ್ರ ಅವಳ ಮುಖ ಕಂಡರೆ ತಿರುಗಿ ಕೂರುತ್ತಿದ್ದಳು. ಅವಳೇ ಪುಟ್ಟತಾಯಿ. ಹೋದ ವರ್ಷ ಮರಿಗಳನ್ನು ಕಳೆದುಕೊಂಡವಳು. ಈ ವರ್ಷ ಎಲ್ಲರಿಗಿಂತ ತಡವಾಗಿ ಒಂದೇ ಒಂದು ಮರಿ ಆಗಿತ್ತು. ಅದರ ಒಂದು ರೆಕ್ಕೆ ಸೊಟ್ಟ.

"ನಿನ್ನ ಸಾಹಸ ನಿನಗಿರಲಿ ಕಣೇ," ಎಂದಳು ಪುಟ್ಟತಾಯಿ. "ಯಾರೋ ಒಬ್ಬ ತಪ್ಪು ಮಾಡ್ತಾನೆ, ಇನ್ನ್ಯಾರದೋ ಗೂಡು ಹೋಗುತ್ತೆ. ನಿನಗೇನು, ಹಿಂದಿಲ್ಲ ಮುಂದಿಲ್ಲ."

"ಹೌದಕ್ಕ, ನನಗೆ ಗೂಡಿಲ್ಲ," ಎಂದಳು ನೀಲಿ.

"ಗೂಡು ಇಲ್ಲದವಳಿಗೆ ಗೂಡಿನ ಬೆಲೆ ಏನು ಗೊತ್ತು?"

ನೀಲಿ ಆ ಮಾತಿಗೆ ಕೋಪ ಮಾಡಿಕೊಳ್ಳಲಿಲ್ಲ. ಒಂದು ದೊಡ್ಡ ಗೆಂಡೆ ಹಿಡಿದು ತಂದು, ಅವಳ ಎದುರಿಗೇ ಗಂಟು ಸಡಿಲಿಸಿದ ಕೊರಳಿನಲ್ಲಿ ನುಂಗಿದಳು. ಸ್ವಲ್ಪ ಹೊತ್ತಿನ ಮೇಲೆ ಅರ್ಧ ಅರೆದ ಮೀನನ್ನು ಗಂಟಲಿಗೆ ತಂದು ಆ ಸೊಟ್ಟ ರೆಕ್ಕೆಯ ಮರಿಯ ಬಾಯಿಗೆ ಕೊಟ್ಟಳು. ಮರಿ ಗಬಗಬನೆ ತಿಂದಿತು. ಅಮ್ಮನ ಗಂಟಲಿನಿಂದ ಅದಕ್ಕೆ ಅಷ್ಟು ದೊಡ್ಡ ತುತ್ತು ಎಂದೂ ಸಿಕ್ಕಿರಲಿಲ್ಲ.

ಪುಟ್ಟತಾಯಿ ನೋಡುತ್ತಲೇ ಇದ್ದಳು. "ನಾಳೆಯೂ ತಾ," ಎಂದಳು, ಆ ಕಡೆ ತಿರುಗಿ.

ಹೀಗೆ ಮರ ಖಾಲಿಯಾಗುತ್ತ ಬಂತು. ಸಾಲು ಮಾತ್ರ ತುಂಬಿಯೇ ಇತ್ತು. ಕೊನೆಗೆ ಉಳಿದದ್ದು ಒಂದೇ ಗೂಡು, ಪುಟ್ಟತಾಯಿಯದು. ಸಾಲಿನಲ್ಲಿ ಅವಳೂ ನೀಲಿಯೂ ಬಿಟ್ಟರೆ ಉಳಿದವರೆಲ್ಲ ಬೆಳ್ಳಿಮಡುವಿನವರೇ.

ಒಂದು ಬೆಳಿಗ್ಗೆ ಮೀಸೆಯಪ್ಪ ಮರಳಿನ ಮೇಲೆ ಹೊರಳಿ, "ನಾಳೆ ಬೆಳಿಗ್ಗೆ ಎಲ್ಲರಿಗೂ ಹೊಸ ಒಡವೆ," ಎಂದು ಸಾರಿದ. "ಹಳೆಯದು ಸವೆದಿದೆ. ಹಸಿ ಜೊಂಡು ಕೊಯ್ದಾಗಿದೆ."

ಹಳೆಯ ಒಡವೆ ಬಿಚ್ಚಿದರೆ ಗಂಟು ಕಾಣುತ್ತದೆ. ಹೊಸದಾಗಿ ಹೆಣೆದು ಹಾಕಿದರೆ ಸ್ವತಂತ್ರ ಹಕ್ಕಿಗಳೆಲ್ಲ ನಿಜವಾಗಿಯೇ ಗುಲಾಮರಾಗುತ್ತವೆ. ಅವತ್ತೇ ಹೊರಡಬೇಕು. ಅದೂ ನೀರುನಾಯಿಗಳು ಮಲಗಿರುವ ಮಧ್ಯಾಹ್ನವೇ ಹೊರಡಬೇಕು. ಸಂಜೆ ಸಾಲು ಮುಗಿದ ಕೂಡಲೇ ದೊಡ್ಡಿಗೆ ಕೂಡುತ್ತಾರೆ.

"ಹಾಗಾದರೆ ಹೊರಡೋಣ," ಎಂದ ಬೋರಜ್ಜ.

"ನನ್ನ ಮಗು?" ಎಂದಳು ಪುಟ್ಟತಾಯಿ.

ಎಲ್ಲರೂ ಮರದತ್ತ ನೋಡಿದರು. ಸೊಟ್ಟ ರೆಕ್ಕೆಯ ಮರಿ ಎರಡು ದಿನಗಳಿಂದ ಹಾರಲು ಕಲಿಯುತ್ತಿತ್ತು. ಗಾಳಿಯಿಲ್ಲದ ಮಧ್ಯಾಹ್ನ ಅದು ನಾಲ್ಕು ಮಾರು ಹೋಗಿ ಬೀಳುತ್ತಿತ್ತು. ಸಂಜೆ ಕೆರೆಯ ಮೇಲಿಂದ ಗಾಳಿ ಎದ್ದಾಗ ಮಾತ್ರ ಅದರ ಮೈ ಮೇಲಕ್ಕೆ ಏಳುತ್ತಿತ್ತು. ಗಾಳಿ ಏಳುವುದು ಸಾಲು ನಿಲ್ಲುವ ಹೊತ್ತಿಗೆ. ಸಾಲಿನಲ್ಲಿ ಸಂದು ಕಂಡರೆ ನೀರುನಾಯಿಗಳು ಮರ ಹತ್ತುತ್ತವೆ. ಈಗ ಮರದಲ್ಲಿರುವುದು ಅದೊಂದೇ ಗೂಡು.

"ನಾನು ಅವನ ಹತ್ತಿರ ಇರ್ತೇನೆ. ನೀವು ಹೋಗಿ," ಎಂದಳು ಪುಟ್ಟತಾಯಿ.

"ನೀನು ಗೂಡಿನಲ್ಲಿರು ಅಕ್ಕ," ಎಂದಳು ನೀಲಿ. "ಗಾಳಿ ಎದ್ದ ಕೂಡಲೇ ಅವನನ್ನು ಕರೆದುಕೊಂಡು ಹಾರು. ಹಿಂದೆ ನೋಡಬೇಡ. ಸಾಲಿಗೆ ನಾನಿರ್ತೇನೆ."

"ಸಾಲು ಅಂದರೆ ನೀನೊಬ್ಬಳೇ ಸಾಲಾ?"

"ಕೊರಡಿನ ಹಿಂದೆ ನೀರಿದೆಯಲ್ಲ. ಅವನು ಒಂದು ಹೆಜ್ಜೆ ಇಡುವುದರೊಳಗೆ ನಾನು ಮುಳುಗಿ ಪಕ್ಕದ ಜಾಗದಲ್ಲಿ ಏಳ್ತೇನೆ. ಅವನು ಮುಖ ನೋಡಲ್ಲ."

ಯಾರಿಗೂ ಅರ್ಥವಾಗದೆ ಇರಲಿಲ್ಲ. ಬೋರಜ್ಜ ಮೆಲ್ಲಗೆ, "ಮಗಳೇ, ನಿನ್ನ ಕೊರಳಲ್ಲಿರುವುದು ಜಾರುಗಂಟು," ಎಂದ. "ಒಂದು ಜಗ್ಗಿಗೇ ಎಂಜಲು ಇಳಿಯಲ್ಲ. ಕೊರಡಿನ ಆ ತುದಿವರೆಗೆ ಎಷ್ಟು ಜಗ್ಗು?"

"ಗೊತ್ತು ಅಜ್ಜ."

"ನಾನು ನಿಲ್ತೇನೆ. ನನ್ನದು ಮುಗಿದ ಬಾಳು."

"ನಿನಗೆ ಮುಳುಗಿ ಏಳುವ ಉಸಿರಿಲ್ಲ. ಹೊರಡು," ಎಂದಳು ನೀಲಿ. "ಇವರನ್ನು ಸದ್ದಿಲ್ಲದೆ ಕರೆದುಕೊಂಡು ಹೋಗು. ಜಗಳಕ್ಕೆ ಹೊತ್ತಿಲ್ಲ."

ಬೋರಜ್ಜ ತನ್ನ ಕೊಕ್ಕನ್ನು ಅವಳ ತಲೆಯ ಮೇಲೆ ಒಂದು ಕ್ಷಣ ಇಟ್ಟ. ಆಮೇಲೆ ಎಲ್ಲರನ್ನೂ ಕರೆದುಕೊಂಡು ಹೋದ. ಮರಳಿನ ಮೇಲೆ ಗೊರಕೆ ನಡೆದೇ ಇತ್ತು.

ಸಂಜೆಯಾಯಿತು. ಚಪ್ಪಟಯ್ಯ ಆಕಳಿಸಿ, ಎಂದಿನಂತೆ ಅರ್ಧ ಕಣ್ಣು ಮುಚ್ಚಿಕೊಂಡೇ ಕೊರಡನ್ನು ಹತ್ತಿದ. ಕೆರೆ ಸದ್ದಿಲ್ಲದೆ ಇತ್ತು. ಜೊಂಡಿನ ತುದಿ ಇನ್ನೂ ಅಲ್ಲಾಡಿರಲಿಲ್ಲ.

ಅವನು ಬೆರಳು ಚಾಚಿದ. ಕೊರಳು ಸಿಕ್ಕಿತು. ಜಗ್ಗಿದ.

"ಇದ್ದೇನೆ ಧಣಿ."

ಹೆಜ್ಜೆ ಇಟ್ಟ. ಮತ್ತೊಂದು ಕೊರಳು. ಜಗ್ಗಿದ.

"ಇದ್ದೇನೆ ಧಣಿ."

ನೀಲಿ ಮುಳುಗುತ್ತಿದ್ದಳು, ಏಳುತ್ತಿದ್ದಳು, ಕೊರಳು ಚಾಚುತ್ತಿದ್ದಳು. ಮೊದಮೊದಲು ಗಂಟು ಚರ್ಮಕ್ಕೆ ತಾಗಿತು. ಆಮೇಲೆ ಚರ್ಮದೊಳಗೆ ಇಳಿಯಿತು. ಮುಳುಗುವ ಮುನ್ನ ಎಳೆದುಕೊಳ್ಳುವ ಉಸಿರು ಪ್ರತಿ ಸಲವೂ ಸ್ವಲ್ಪ ಸಣ್ಣದಾಗುತ್ತಿತ್ತು. ಆದರೂ ಅವನ ಬೆರಳು ಖಾಲಿ ಜಾಗವನ್ನು ಮುಟ್ಟುವ ಮೊದಲೇ ಅಲ್ಲೊಂದು ಕೊರಳು ಇರುತ್ತಿತ್ತು.

"ಇದ್ದೇನೆ ಧಣಿ." ಧ್ವನಿ ಒಡೆದಿತ್ತು.

"ಇದ್ದೇನೆ." ಧ್ವನಿ ಉಸಿರಾಗಿತ್ತು.

"ಏನಿದು, ಎಲ್ಲರಿಗೂ ನೆಗಡಿ ಹಿಡಿದಿದೆಯಾ?" ಎಂದ ಚಪ್ಪಟಯ್ಯ.

ಮರಳಿನ ಮೇಲಿಂದ ಮೀಸೆಯಪ್ಪ ಕೂಗಿದ: "ಎಲ್ಲ ಇದ್ದಾವೇನಯ್ಯ?"

"ಇದ್ದಾವೆ ಯಜಮಾನ್ರೆ. ಕೆಮ್ಮುತ್ತಾ ಇದ್ದಾವೆ."

"ಕೆಮ್ಮಲಿ. ನಾಳೆ ಹೊಸ ಒಡವೆ ಹಾಕಿದರೆ ಸರಿಹೋಗುತ್ತೆ."

ಕೊರಡಿನ ಮುಕ್ಕಾಲು ಭಾಗ ಮುಗಿದಿತ್ತು. ಜೊಂಡು ಸರಸರ ಎಂದಿತು. ಗಾಳಿ ಎದ್ದಿತು.

ನೀಲಿ ನೀರಿನಿಂದ ಏಳುತ್ತ ಮರದ ಕಡೆ ಕಣ್ಣು ಹಾಯಿಸಿದಳು. ಕೊಂಬೆಯ ತುದಿಯಲ್ಲಿ ಪುಟ್ಟತಾಯಿ, ಪಕ್ಕದಲ್ಲಿ ಮರಿ. ಮರಿ ರೆಕ್ಕೆ ಬಿಚ್ಚಿತು, ಮುಚ್ಚಿತು. ಹೆದರಿತ್ತು. ಪುಟ್ಟತಾಯಿ ಬೈಯಲಿಲ್ಲ, ದೂಡಲಿಲ್ಲ. ಏನೋ ಹೇಳಿದಳು. ಮರಿ ಮತ್ತೆ ರೆಕ್ಕೆ ಬಿಚ್ಚಿತು.

ಬೆರಳು ಬಂತು. ಕೊರಳು ಕೊಟ್ಟಳು. ಜಗ್ಗಿದ. ಈ ಸಲ ಧ್ವನಿಯೇ ಬರಲಿಲ್ಲ.

ಚಪ್ಪಟಯ್ಯ ನಿಂತ. "ಇದ್ದೀಯೋ ಇಲ್ಲವೋ?"

ನೀಲಿ ಕೊಕ್ಕಿನಿಂದ ಕೊರಡನ್ನು ಕುಟ್ಟಿದಳು. ಅವನು ಗೊಣಗಿ ಮುಂದಕ್ಕೆ ಹೋದ. ಅವಳು ಮತ್ತೆ ಮುಳುಗಿದಳು. ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಕೈಯಳತೆಯ ದೂರ ಕೆರೆಯಗಲ ಆದಂತಿತ್ತು. ಆದರೂ ಎದ್ದಳು. ಕೊರಳು ಕೊಟ್ಟಳು. ಮತ್ತೆ ಕೊಟ್ಟಳು. ಕೊರಡಿನ ತುದಿಯಲ್ಲಿ ಕೊನೆಯ ಸಲ ಕೊಟ್ಟಾಗ, ಗಾಳಿಯ ಮೇಲೆ ಒಂದು ದೊಡ್ಡ ಹಕ್ಕಿ, ಅದರ ಹಿಂದೆ ಒಂದು ಕಡೆಗೆ ವಾಲಿಕೊಂಡು ಹಾರುವ ಒಂದು ಪುಟ್ಟ ಹಕ್ಕಿ ಗುಡ್ಡದ ನೆತ್ತಿಯನ್ನು ದಾಟುತ್ತಿದ್ದವು.

"ಸಾಲು ಸರಿಯಿದೆ ಯಜಮಾನ್ರೆ," ಎಂದು ಚಪ್ಪಟಯ್ಯ ಕೂಗಿದ. "ನಡೀರಿ ದೊಡ್ಡಿಗೆ," ಎಂದು ತಿರುಗಿದ.

ಕೊರಡಿನ ಹಿಂದೆ ಉದ್ದಕ್ಕೂ ಬರಿಯ ನೀರು. ತುದಿಯಲ್ಲಿ ಒಂದೇ ಒಂದು ಹಕ್ಕಿ.

ಅವನು ಹುಟ್ಟಿದಾಗಿನಿಂದ ಮೊದಲ ಸಲ ಒಂದು ನೀರುಕಾಗೆಯ ಮುಖವನ್ನು ನೋಡಿದ. ಅದೂ ಅವನನ್ನು ನೋಡುತ್ತಿತ್ತು. ಆ ಕಣ್ಣುಗಳಲ್ಲಿ ಏನಿತ್ತೋ, ಬಾಯಿ ತೆರೆದವನಿಗೆ ಕೂಗಲು ಸ್ವಲ್ಪ ತಡವಾಯಿತು. ಅಷ್ಟು ಸಾಕಾಯಿತು. ನೀಲಿ ನೆನೆದು ಭಾರವಾದ ರೆಕ್ಕೆಗಳನ್ನು ನೀರಿಗೆ ಬಡಿಯುತ್ತ ಓಡಿದಳು. ಎಚ್ಚೆತ್ತ ನೀರುನಾಯಿಗಳು ಬೆನ್ನು ಹತ್ತಿದವು. ಒಂದರ ಹಲ್ಲು ಅವಳ ಬಾಲಕ್ಕೆ ತಾಗಿತು. ಗರಿಗಳು ಅದರ ಬಾಯಲ್ಲಿ ಉಳಿದವು. ಅವಳು ಮೇಲೆದ್ದಳು.

ತೊರೆಯ ಬೇರಿನ ಹತ್ತಿರ ಏಡಿಯತ್ತೆ ಕಾಯುತ್ತಿದ್ದಳು. ನೀಲಿ ಇಳಿಯಲಿಲ್ಲ, ಬಿದ್ದಳು. ಗಂಟು ಕಣ್ಣಿಗೆ ಕಾಣದಷ್ಟು ಒಳಗಿತ್ತು. ಏಡಿಯತ್ತೆ, ಎಂದೂ ಅಷ್ಟು ಮೆಲ್ಲಗೆ ಕೊಂಡಿ ಆಡಿಸಿರದವಳು, ಎಳೆ ಎಳೆಯಾಗಿ ಕತ್ತರಿಸಿದಳು. ಕೊನೆಯ ಎಳೆ ಹೋದಾಗ ನೀಲಿಯ ಎದೆ ಒಮ್ಮೆ ಮೇಲೆದ್ದಿತು. ಆಮೇಲೆ ಮತ್ತೊಮ್ಮೆ.

ಮರುದಿನ ಜೊಂಡುಕೆರೆಯಲ್ಲಿ ಹಸಿ ಜೊಂಡಿನ ರಾಶಿ ಇತ್ತು, ಹಾಕಲು ಕೊರಳಿರಲಿಲ್ಲ. ಹಸಿದ ಮೀಸೆಯಪ್ಪ ನೀರಿಗಿಳಿದ. ಮೀನು ಅವನ ಕಾಲಡಿಯಲ್ಲೇ ಹೋಯಿತು. ಹಿಡಿಯುವುದು ಹೇಗೆಂದು ಅವರಲ್ಲಿ ಯಾರಿಗೂ ನೆನಪಿರಲಿಲ್ಲ. ಬಹಳ ದಿನ ಕಪ್ಪೆ ತಿಂದು ಬದುಕಿದವು. ನಿಧಾನವಾಗಿ ಕಲಿತವು.

ಇನ್ನು ಇದಕ್ಕೆ ತೆತ್ತದ್ದೇನು ಎಂಬುದನ್ನೂ ಹೇಳಬೇಕು. ಅದನ್ನು ಬಿಟ್ಟು ಕತೆ ಹೇಳುವುದು ಸರಿಯಲ್ಲ.

ಬೋರಜ್ಜ ಗುಡ್ಡ ದಾಟಲಿಲ್ಲ. ಅಷ್ಟು ಸಂಜೆಗಳ ಸಾಲು ಅವನ ಮುದಿ ಎದೆಯನ್ನು ಸೋಲಿಸಿತ್ತು. ಉಳಿದವರನ್ನೆಲ್ಲ ಮುಂದೆ ಕಳಿಸಿ, "ನೀವು ನಡೀರಿ, ಬರ್ತೇನೆ," ಎಂದವನು ಗುಡ್ಡದ ಈಚೆ ಒಂದು ಬಂಡೆಗಲ್ಲಿನ ಮೇಲೆ ಕುಳಿತ, ಮತ್ತೆ ಏಳಲಿಲ್ಲ. ಸ್ವತಂತ್ರವಾಗಿ ಹುಟ್ಟಿದವನು ಸತ್ತಾಗ ಅವನ ಕೊರಳಲ್ಲಿ ಒಡವೆ ಇತ್ತು.

ಹೋದ ವರ್ಷದ ಪುಟ್ಟತಾಯಿಯ ಮರಿಗಳು ತಿರುಗಿ ಬರಲಿಲ್ಲ. ಬೆಳ್ಳಿಮಡುವಿನಲ್ಲೂ ಅವಳು ಸಂಜೆಯಾದರೆ ಮಗುವನ್ನು ರೆಕ್ಕೆಯೊಳಗೆ ಸೇರಿಸಿಕೊಂಡು ಕೂರುತ್ತಿದ್ದಳು.

ನೀಲಿಯ ಗಂಟಲಿನ ಗಾಯ ಮಾಯಿತು, ಆದರೆ ಗಂಟಲು ತೆರೆಯಲಿಲ್ಲ. ಬಾವಿಯಂತಿದ್ದ ಗಂಟಲಿನಲ್ಲಿ ಮುಂದೆ ಎಂದೂ ಗೆಂಡೆ ಇಳಿಯಲಿಲ್ಲ. ಮೀನು ತುಂಬಿದ ಮಡುವಿನಲ್ಲಿ ಅವಳು ಸಾಯುವವರೆಗೆ ಸಸಲು ತಿಂದು ಬದುಕಿದಳು. ಅವಳ ಧ್ವನಿಯೂ ಹಿಂತಿರುಗಲಿಲ್ಲ. ಕಿತ್ತುಹೋದ ಬಾಲದ ಗರಿಗಳಲ್ಲಿ ಅರ್ಧ ಮಾತ್ರ ಬೆಳೆದವು. ತನ್ನದೆಂದು ಒಂದು ಗೂಡು ಅವಳು ಕಟ್ಟಲಿಲ್ಲ. ಮರಿಗೆ ಉಣಿಸುವ ಗಂಟಲು ಅವಳಿಗೆ ಉಳಿದಿರಲಿಲ್ಲ.

ನೀತಿ: ತನ್ನ ಬಂಧನವನ್ನು ಕಳಚಿಕೊಂಡು ಹೋಗುವುದು ಧೈರ್ಯ, ಇನ್ನೊಬ್ಬರ ಬಂಧನವನ್ನು ಕಳಚಲು ಅದೇ ಬಂಧನದೊಳಗೆ ತಾನಾಗಿ ಹಿಂತಿರುಗಿ ಬರುವುದು ಅದಕ್ಕಿಂತ ದೊಡ್ಡ ಧೈರ್ಯ.